ಕ್ಷಯರೋಗಿಗಳ ಎಣಿಕೆ: ಚಿತ್ರದುರ್ಗ ಸೀಮೆ

ಒಂದು ಊರಿನಲ್ಲಿ ಎಷ್ಟು ಜನಕ್ಕೆ ಕ್ಷಯವಿದೆ ಎಂದು ಕೇಳಿದರೆ ಎರಡು ಲೆಕ್ಕ ಸಿಗುತ್ತವೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದು ಒಂದು, ಊರಿನಲ್ಲಿ ಇರುವುದು ಇನ್ನೊಂದು. ಇವೆರಡರ ಅಂತರವನ್ನು ಅಳೆಯುವ ಭಾರತದ ಆರಂಭದ ದೊಡ್ಡ ಪ್ರಯತ್ನಗಳಲ್ಲಿ ಒಂದು ನಡೆದದ್ದು ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಗಡಿಗೆ ತಾಗಿಕೊಂಡಿರುವ ತುಮಕೂರು ಜಿಲ್ಲೆಯಲ್ಲಿ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ತಂಡಗಳು 1960–61ರಲ್ಲಿ ತುಮಕೂರಿನ ಹಳ್ಳಿಗಳಿಗೆ ಹೋದವು. ಮೊದಲು ಮನೆಮಂದಿಯ ಪಟ್ಟಿ. ಆಮೇಲೆ ಮುಂದೋಳಿಗೆ ಟ್ಯೂಬರ್ಕ್ಯುಲಿನ್ ಚುಚ್ಚುಮದ್ದು, ಕೆಲವು ದಿನ ಬಿಟ್ಟು ಬಂದು ಚುಚ್ಚಿದಲ್ಲಿ ಎದ್ದ ಊತವನ್ನು ಮಿಲಿಮೀಟರಿನಲ್ಲಿ ಅಳೆಯುವುದು. ದೊಡ್ಡವರಿಗೆ ಎದೆಯ ಎಕ್ಸ್‌ರೇ. ನೆರಳು ಕಂಡವರಿಂದ ಕಫ. ಕಫದಲ್ಲಿ ರೋಗಾಣು ಸಿಕ್ಕಿದ್ದು ಸಾವಿರಕ್ಕೆ ಸುಮಾರು ನಾಲ್ವರಲ್ಲಿ.

ಅದಕ್ಕಿಂತ ಮುಖ್ಯವಾದದ್ದು ಇದರ ಬೆನ್ನಿಗೇ ನಡೆದ ವಿಚಾರಣೆ. ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದೇ ರೋಗಿಗಳನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಆದ್ದರಿಂದಲೇ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆ ವರದಿಯಿಂದ ಮುರಿದುಬಿತ್ತು. ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅನೇಕರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಅವರ ಕಫವನ್ನು ಯಾರೂ ನೋಡಲಿಲ್ಲ, ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಲೆಕ್ಕ ತಪ್ಪಿದ್ದು ರೋಗಿಯ ಮನೆಯಲ್ಲಲ್ಲ, ದವಾಖಾನೆಯ ಬಾಗಿಲಲ್ಲಿ. ವರದಿ ಅಚ್ಚಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆಗೆ ಒತ್ತು ಕೊಟ್ಟದ್ದರ ಹಿಂದೆ ಈ ತಿಳಿವಳಿಕೆಯಿದೆ.

ಅರ್ಧ ಶತಮಾನ ಕಳೆದ ಮೇಲೂ ಖಾಸಗಿ ವೈದ್ಯರ ರೋಗಿಗಳು ಸರ್ಕಾರಿ ಲೆಕ್ಕದ ಹೊರಗೇ ಉಳಿದಿದ್ದರು. 2012ರ ಮೇ ತಿಂಗಳಲ್ಲಿ ಕ್ಷಯವನ್ನು ವರದಿ ಮಾಡುವುದು ಎಲ್ಲರಿಗೂ ಕಡ್ಡಾಯವಾಯಿತು. ಹೆಸರು ದಾಖಲಿಸಲು ನಿಕ್ಷಯ್ ಜಾಲತಾಣ ಬಂತು. ಔಷಧಿ ಮಾರಾಟದಿಂದ ಹಿಂದಕ್ಕೆ ಲೆಕ್ಕ ಹಾಕಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೇಶದ ಖಾಸಗಿ ವಲಯದಲ್ಲಿ ಚಿಕಿತ್ಸೆ ಪಡೆಯುವವರು ಅಂದುಕೊಂಡದ್ದಕ್ಕಿಂತ ಎರಡು–ಮೂರು ಪಟ್ಟು ಇರಬಹುದೆಂದು ತೋರಿಸಿತು.

2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟ ಲಕ್ಷ ಜನರಿಗೆ 316 ಮಂದಿಯಲ್ಲಿ ಶ್ವಾಸಕೋಶದ ಕ್ಷಯ ಖಚಿತವಾಯಿತು. ಲಕ್ಷಣವಿದ್ದವರಲ್ಲಿ ಶೇ 64ರಷ್ಟು ಜನ ಚಿಕಿತ್ಸೆಗೆ ಹೋಗಿರಲಿಲ್ಲ.

ಚಿತ್ರದುರ್ಗದ ತಾಲ್ಲೂಕುಗಳಾದ ಹೊಸದುರ್ಗಕ್ಕೆ ಎಷ್ಟು, ಹೊಳಲ್ಕೆರೆಗೆ ಎಷ್ಟು ಎಂದು ಈ ಸಮೀಕ್ಷೆ ಹೇಳಲಾರದು. ಲಕ್ಷಕ್ಕೆ ಮುನ್ನೂರು ಸಿಗುವ ಕಾಯಿಲೆಯನ್ನು ತಾಲ್ಲೂಕಿನ ಮಟ್ಟದಲ್ಲಿ ಅಳೆಯಬೇಕಾದರೆ ಆ ಒಂದು ತಾಲ್ಲೂಕಿನಲ್ಲೇ ಹತ್ತಾರು ಸಾವಿರ ಎಕ್ಸ್‌ರೇ ತೆಗೆಯಬೇಕು. ಹಾಗಾಗಿ ತಾಲ್ಲೂಕಿನ ಲೆಕ್ಕಕ್ಕೆ ಆಧಾರ ದಾಖಲಾದ ಹೆಸರುಗಳೇ. ಅಲ್ಲೂ ತೊಡಕಿದೆ: ಹೊಳಲ್ಕೆರೆ ಕಡೆಯವರು ದಾವಣಗೆರೆಯ ಆಸ್ಪತ್ರೆಯಲ್ಲಿ, ಹಿರಿಯೂರಿನವರು ಬೆಂಗಳೂರಿನಲ್ಲಿ ತೋರಿಸಿಕೊಂಡರೆ, ರೋಗಿಯ ವಿಳಾಸ ಸರಿಯಾಗಿ ಬರೆದು ಊರಿಗೆ ವರ್ಗಾಯಿಸಿದಾಗ ಮಾತ್ರ ಅದು ಚಿತ್ರದುರ್ಗದ ಲೆಕ್ಕಕ್ಕೆ ಸೇರುತ್ತದೆ. ಗಣಿ ಮತ್ತು ಕಲ್ಲುಕ್ವಾರಿಗಳಿರುವ ಈ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಕಲ್ಲುಪುಡಿಯಿಂದ ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು.

2023ರಲ್ಲಿ ಬಂದ ‘ಕ್ಷಯಮುಕ್ತ ಗ್ರಾಮ ಪಂಚಾಯಿತಿ’ ಯೋಜನೆ ಈ ಹಳೆಯ ಅನುಭವವನ್ನು ಮಾನದಂಡದೊಳಗೇ ತಂದಿದೆ. ಪ್ರಮಾಣಪತ್ರ ಬೇಕಾದರೆ ಸಾವಿರ ಜನಕ್ಕೆ ಒಬ್ಬರಿಗಿಂತ ಹೆಚ್ಚು ರೋಗಿಗಳಿರಬಾರದು. ಜೊತೆಗೆ, ಅದೇ ವರ್ಷ ಸಾವಿರಕ್ಕೆ ಕನಿಷ್ಠ 30 ಶಂಕಿತರ ಪರೀಕ್ಷೆ ನಡೆದಿರಬೇಕು.