ದನ, ಧನ ಮತ್ತು ಒಂದು ಪುಟ್ಟ ಕೀಲಿಮಣೆ

ಏಳನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಧನಸಹಾಯ’ ಎಂದಿರಬೇಕಾದ ಕಡೆ ‘ದನಸಹಾಯ’ ಎಂದು ಅಚ್ಚಾಗಿ ಬಂದ ದಿನವನ್ನು ನಾನು ಮರೆಯಲಾರೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನ ಹುಡುಗನೊಬ್ಬ ಮೆಲ್ಲಗೆ ‘ಅಂಬಾ’ ಎಂದ. ನಾನು ಕೈಬರಹದಲ್ಲಿ ಸರಿಯಾಗಿಯೇ ಬರೆದುಕೊಟ್ಟಿದ್ದೆ. ಡಿಟಿಪಿ ಅಂಗಡಿಯಲ್ಲಿ ‘ಧ’ದ ಹೊಟ್ಟೆ ಸೀಳುವುದು ಬಿಟ್ಟುಹೋಗಿತ್ತು. ತಪ್ಪು ಯಾರದಾದರೇನು, ಮಕ್ಕಳ ಎದುರು ತಲೆತಗ್ಗಿಸಿ ನಿಂತವಳು ನಾನು.

ನನಗೆ ಟೈಪಿಂಗ್ ಬಾರದೆಂದಲ್ಲ. 1988ರಲ್ಲಿ ಪಿಯುಸಿ ಮುಗಿಸಿ ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದ್ದೆ. ಅಪ್ಪನಿಗೆ ಒಂದು ಭಾಷೆಯ ಫೀಸು ಕಟ್ಟುವಷ್ಟೇ ಶಕ್ತಿ. ಕೆಲಸ ಸಿಗುವುದು ಇಂಗ್ಲಿಷಿಗೆ ಎಂದು ಅದನ್ನೇ ಕಲಿತೆ. ಮೂಲೆಯಲ್ಲಿದ್ದ ಕನ್ನಡ ಯಂತ್ರವನ್ನು ದೂರದಿಂದಲೇ ನೋಡುತ್ತಿದ್ದೆ. ಅಕ್ಷರಕ್ಕೆ ಒಂದು ಕೀಲಿ, ಅದರ ಒತ್ತಿಗೆ ಇನ್ನೊಂದು, ಕೊಂಬು ದೀರ್ಘಗಳಿಗೆ ಮತ್ತೊಂದು. ‘ಕನ್ನಡಕ್ಕೆ ಅಕ್ಷರ ಜಾಸ್ತಿ ಕಣಮ್ಮ, ಯಂತ್ರಕ್ಕೆ ಒಗ್ಗೋದಿಲ್ಲ’ ಎಂದು ಮೇಷ್ಟ್ರು ಹೇಳಿದ ಮಾತು ಕಿವಿಯಲ್ಲಿ ಉಳಿಯಿತು. ಮೂವತ್ತು ವರ್ಷ ನಾನೂ ಅದನ್ನೇ ನಂಬಿದ್ದೆ.

ಅಂದು ಸಂಜೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿ, ‘ಇನ್ನು ಮೇಲೆ ನಾನೇ ಟೈಪ್ ಮಾಡ್ತೀನಿ ಕಣೋ, ಆದರೆ ಬಲಗೈ ನೋವು’ ಎಂದೆ. ಮುಂದಿನ ಬಾರಿ ಬರುವಾಗ ಅವನೊಂದು ಪುಟ್ಟ ಕೀಲಿಮಣೆ ತಂದ. ಬಲಗಡೆಯ ಅಂಕಿಗಳ ಗುಂಪಿಲ್ಲ, ಬಾಣದ ಕೀಲಿಗಳಿಲ್ಲ, ಮೇಲಿನ ಎಫ್ ಸಾಲಿಲ್ಲ. ಎಣಿಸಿದರೆ 61 ಕೀಲಿ.

‘ಅರ್ಧ ಬೆಲೆಗೆ ಸಿಕ್ಕಿತೇನೋ?’

‘ಇದಕ್ಕೇ ಬೆಲೆ ಜಾಸ್ತಿ ಅಮ್ಮ’ ಎಂದು ನಕ್ಕ.

ಇದರ ಪ್ರತಿ ಕೀಲಿಯ ಕೆಳಗೂ ಅದರದೇ ಸ್ಪ್ರಿಂಗು, ಅದರದೇ ಸ್ವಿಚ್ಚು. ಮಣೆಯ ಅಗಲ ಕಡಿಮೆಯಾದ್ದರಿಂದ ಮೌಸು ಹತ್ತಿರವಾಗಿ ತೋಳು ಚಾಚುವುದು ತಪ್ಪುತ್ತದೆ. ಸ್ವಿಚ್ಚುಗಳಲ್ಲೂ ಆಯ್ಕೆಯಿದೆ. ಟಕಟಕ ಸದ್ದಿನ ನೀಲಿ, ತಡೆಯಿಲ್ಲದೆ ಇಳಿಯುವ ಕೆಂಪು, ನಡುವೆ ಸಣ್ಣಗೆ ತಡೆದು ಬೆರಳಿಗೆ ತಿಳಿಸುವ ಕಂದು. ನೀಲಿ ಒತ್ತಿದಾಗ ಹಳೆಯ ಇನ್‌ಸ್ಟಿಟ್ಯೂಟು ನೆನಪಾಯಿತು. ಆದರೆ ಪಕ್ಕದ ಕೋಣೆಯಲ್ಲಿ ಅತ್ತೆಯವರು ಮಲಗುತ್ತಾರೆ. ಕಂದು ಇರಲಿ ಎಂದೆ.

ಇಷ್ಟು ಚಿಕ್ಕದರಲ್ಲಿ ಎಲ್ಲವೂ ಹೇಗೆ ಹಿಡಿಸುತ್ತದೆ ಎಂದು ಓದುತ್ತಾ ಹೋದೆ. ಗುಟ್ಟು ತೀರಾ ಹಳೆಯದು. 1874ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೆಮಿಂಗ್ಟನ್ ಕಂಪನಿಯ ಮೊದಲ ಟೈಪ್‌ರೈಟರಿನಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಸಣ್ಣಕ್ಷರಗಳೂ ಬೇಕೆಂದಾಗ ಕೆಲವರು ಕೀಲಿಗಳನ್ನೇ ಇಮ್ಮಡಿ ಮಾಡಿದರು. ರೆಮಿಂಗ್ಟನ್ನಿನವರು 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ತಂದು, ಒಂದೇ ಕೀಲಿಗೆ ಎರಡು ಅಕ್ಷರ ಕೊಟ್ಟರು. ಕೊನೆಗೆ ಉಳಿದದ್ದು ಶಿಫ್ಟೇ. ಕಂಪ್ಯೂಟರ್ ಬಂದ ಮೇಲೆ ಮಣೆ ಮತ್ತೆ ಬೆಳೆಯಿತು. 1981ರ ಐಬಿಎಂ ಪಿಸಿಯಲ್ಲಿ 83 ಕೀಲಿಗಳಿದ್ದರೆ, 1985ರ ಮಣೆಯಲ್ಲಿ 101. ಜಪಾನಿನ ಪ್ರೊಫೆಸರ್ ಐಯಿತಿ ವಾದಾ ಅವರಿಗೆ ಇದು ಹಿಡಿಸಲಿಲ್ಲ. ಕುದುರೆ ಸತ್ತರೂ ಸವಾರ ತನ್ನ ಜೀನನ್ನು ಬಿಟ್ಟುಬರುವುದಿಲ್ಲ, ಹಾಗೆಯೇ ಯಂತ್ರ ಬದಲಾದರೂ ಕೈಗೆ ಒಗ್ಗಿದ ಮಣೆ ಜೊತೆಗಿರಬೇಕು ಎಂಬುದು ಅವರ ವಿಚಾರ. ಅದರ ಫಲವಾಗಿ ಪಿಎಫ್‌ಯು ಕಂಪನಿಯಿಂದ 1996ರಲ್ಲಿ ಹೊರಬಂದ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡಿನಲ್ಲಿ 60 ಕೀಲಿಗಳಷ್ಟೇ. ಬಾಣಗಳು ಬೇರೆ ಕೀಲಿಗಳೊಳಗೆ ಅಡಗಿದ್ದವು. ಅಲ್ಲಿಯೂ ಒಂದು ಕೀಲಿಗೆ ಎರಡು ಕೆಲಸ.

ನಮ್ಮ ಮೇಷ್ಟ್ರ ಮಾತಿಗೆ ಉತ್ತರ ಸಿಕ್ಕಿದ್ದು ಮಾತ್ರ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರಿಂದ. ಅವರ ವಿನ್ಯಾಸಕ್ಕೆ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳು ಮತ್ತು ಶಿಫ್ಟ್ ಸಾಕು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಡಿ ಒತ್ತಿದರೆ ದ, ಶಿಫ್ಟ್ ಜೊತೆಗೆ ಧ. ಇಂಗ್ಲಿಷಿನ ಕ್ಯೂ ನಮಗೆ ಟ, ಡಬ್ಲ್ಯೂ ನಮಗೆ ಡ. ಎಫ್ ಒತ್ತಿ ಮುಂದಿನ ಅಕ್ಷರ ಒತ್ತಿದರೆ ಒತ್ತಕ್ಷರ. ‘ಕನ್ನಡ’ ಎಂದು ಬರೆಯಲು ಐದೇ ಪೆಟ್ಟು: ಕೆ, ಎನ್, ಎಫ್, ಎನ್, ಡಬ್ಲ್ಯೂ. ಇದನ್ನೇ ಸ್ವಲ್ಪ ಮಾರ್ಪಡಿಸಿ ಕರ್ನಾಟಕ ಸರ್ಕಾರ ಅಧಿಕೃತ ವಿನ್ಯಾಸವಾಗಿ ಒಪ್ಪಿತು. ಅಲ್ಪಪ್ರಾಣದ ಪಕ್ಕದಲ್ಲೇ ಅದರ ಮಹಾಪ್ರಾಣವನ್ನು ಕೂರಿಸಿದ ನಮ್ಮ ವರ್ಣಮಾಲೆ ಯಂತ್ರಕ್ಕೆ ಒಗ್ಗದ್ದೇನಲ್ಲ. ನನಗಂತೂ ಶಿಫ್ಟ್ ಎಂದರೆ ಹೊಟ್ಟೆ ಸೀಳುವ ಕೀಲಿ!

ಒಂದೇ ಒಂದು ಕಡೆ ಸಿಕ್ಕಿಬಿದ್ದೆವು. ನಾನು ಬಳಸುವ ‘ನುಡಿ’ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಲು ಸ್ಕ್ರೋಲ್ ಲಾಕ್ ಒತ್ತಬೇಕು. ಪುಟ್ಟ ಮಣೆಯಲ್ಲಿ ಆ ಕೀಲಿಯೇ ಇಲ್ಲ. ‘ಅಮ್ಮ, ನಿಂಗೆ ಯಾವ ಕೀಲಿ ಬೇಡ ಹೇಳು’ ಎಂದ ಮಗ. ಯೋಚಿಸಿ, ಕ್ಯಾಪ್ಸ್ ಲಾಕ್ ಎಂದೆ. ಅದನ್ನೇ ಸ್ಕ್ರೋಲ್ ಲಾಕ್ ಆಗಿ ಬದಲಿಸಿಕೊಟ್ಟ. ಆ ಕೀಲಿಯ ಟೊಪ್ಪಿಯ ಮೇಲೆ ನಾನೇ ಬಣ್ಣದಲ್ಲಿ ‘ಕ’ ಎಂದು ಬರೆದೆ. ಕೊಡುವವರು ಕೊಟ್ಟದ್ದಕ್ಕೆ ಕೈಯನ್ನು ಒಗ್ಗಿಸಿಕೊಂಡೇ ಬದುಕಿದವಳಿಗೆ, ನಿನಗೇನು ಬೇಡ ಎಂದು ಯಾರೋ ಕೇಳಿದ್ದು ಅದೇ ಮೊದಲು.

ಮುಂದಿನ ಪರೀಕ್ಷೆಯ ಪತ್ರಿಕೆಯನ್ನು ನಾನೇ ಟೈಪ್ ಮಾಡಿದೆ. ಬೇಕೆಂದೇ ಒಂದು ಪ್ರಶ್ನೆ ಸೇರಿಸಿದೆ: ದನ, ಧನ – ಅರ್ಥವ್ಯತ್ಯಾಸ ತಿಳಿಯುವಂತೆ ಸ್ವಂತ ವಾಕ್ಯದಲ್ಲಿ ಬಳಸಿರಿ. ಹಿಂದಿನ ಸಾಲಿನ ಆ ಹುಡುಗ ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದ್ದ: ‘ಅಪ್ಪ ದನ ಮಾರಿ ಧನ ತಂದು ಅಕ್ಕನನ್ನು ಕಾಲೇಜಿಗೆ ಸೇರಿಸಿದರು.’

ಪೂರ್ತಿ ಅಂಕ ಕೊಟ್ಟೆ. ಈ ಸಲ ನಗು ಬರಲಿಲ್ಲ.