ಪಾವತಿ ಯಾರ ಹೆಸರಿನಲ್ಲಿತ್ತು?



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿ ಮಾಡಿದ್ದ. ಈಗ ಆತ ನಿಪ್ಪಾಣಿಯ ಬಳಿ ಕಬ್ಬು ಬೆಳೆಯುವ ರೈತ. "ಸರ್, ಕೊಲ್ಹಾಪುರದಾಗ ಟ್ರ್ಯಾಕ್ಟರ್ ತಗೊಂಡ್ರ ತೆರಿಗಿ ಕಡಿಮಿ ಬೀಳ್ತದಂತ. ಖರೆ ಏನ್ರಿ?" ಎಂದು ಕೇಳಿದ. ಇತಿಹಾಸದ ಮಾಸ್ತರನನ್ನು ಪ್ರಶ್ನೆ ಕೇಳಿದರೆ ಒಂದೇ ಮಾತಿನ ಉತ್ತರ ದೊರೆಯುವುದಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಅವನಿಗೆ ಅಂದು ಸಂಕ್ಷೇಪವಾಗಿ ಹೇಳಿದ್ದನ್ನು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ದೇಶದ ಇತಿಹಾಸವೂ ಇದೆ, ನಮ್ಮ ಮನೆಯ ಕಥೆಯೂ ಇದೆ.

ನಮ್ಮ ಹಳ್ಳಿಯಿರುವುದು ನಿಪ್ಪಾಣಿಯ ಸೀಮೆಯಲ್ಲಿ. ಅಲ್ಲಿಂದ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಬೆಂಗಳೂರಂತೂ ಐನೂರು ಕಿಲೋಮೀಟರಿಗೂ ಮಿಗಿಲಾದ ದೂರ. ಆದ್ದರಿಂದ ನೇಗಿಲ ಗುಳ ಬೇಕಾದರೂ ಮದುವೆಯ ಜವಳಿ ಬೇಕಾದರೂ ನಮ್ಮವರು ದೂಧಗಂಗೆಯನ್ನು ದಾಟಿ ಕೊಲ್ಹಾಪುರಕ್ಕೆ ಹೋಗುವುದು ವಾಡಿಕೆಯಾಗಿತ್ತು. ಎರಕದ ಕೆಲಸಕ್ಕೂ ಎಣ್ಣೆ ಇಂಜಿನ್ನುಗಳಿಗೂ ಆ ಊರು ಹೆಸರುವಾಸಿ. 1949ರಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಎರಡೂ ಊರುಗಳು ಒಂದೇ ಸರ್ಕಾರದ ಕೆಳಗೆ ಬಂದವು. ನಮ್ಮ ಕಡೆಯವರು ಮರಾಠಿಯ ಬಳಕೆಯಂತೆ 'ವಿಕ್ರೀ ಕರ' ಎನ್ನುತ್ತಿದ್ದ ಮಾರಾಟ ತೆರಿಗೆಯೂ ಎರಡೂ ಕಡೆ ಒಂದೇ ಆಗಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಕನ್ನಡಿಗರೆಲ್ಲ ಒಂದಾದ ಆ ದಿನದ ಸಂಭ್ರಮ ಸಹಜವಾದುದೇ. ಆದರೆ ಅಪ್ಪ ಆಗಾಗ ಹೇಳುತ್ತಿದ್ದ ಮಾತೊಂದಿತ್ತು: "ನಾವು ಎಲ್ಲೂ ಹೋಗಲಿಲ್ಲ, ಸಂತೀನ ಪರದೇಶಾತು."

ಇನ್ನು ತೆರಿಗೆಯ ಕಥೆ. 1935ರ ಭಾರತ ಸರ್ಕಾರ ಕಾಯಿದೆಯು ಸರಕು ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. 1939ರಲ್ಲಿ ಮದರಾಸು ಪ್ರಾಂತವು ರಾಜಗೋಪಾಲಾಚಾರಿಯವರ ಆಡಳಿತದಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ಆರಂಭಿಸಿತು. ಉಳಿದ ಪ್ರಾಂತಗಳು ಒಂದೊಂದಾಗಿ ಅದನ್ನು ಅನುಸರಿಸಿದವು. ಒಂದು ರಾಜ್ಯದಲ್ಲಿ ಮಾರಿದ ವಸ್ತು ಇನ್ನೊಂದು ರಾಜ್ಯಕ್ಕೆ ಹೋದರೆ ತೆರಿಗೆ ಯಾರಿಗೆ ಸಲ್ಲಬೇಕು ಎಂಬುದು ಮಾತ್ರ ಜಗಳದ ಪ್ರಶ್ನೆಯಾಗಿಯೇ ಉಳಿಯಿತು. 1953ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಕು ತಲುಪಿ ಬಳಕೆಯಾಗುವ ರಾಜ್ಯವೇ ತೆರಿಗೆ ಹಾಕಬಹುದೆಂದು ತೀರ್ಪಿತ್ತಿತು. ಇದರಿಂದ ಒಬ್ಬ ವ್ಯಾಪಾರಿ ಹತ್ತು ರಾಜ್ಯಗಳ ಅಧಿಕಾರಿಗಳಿಗೆ ಲೆಕ್ಕ ಒಪ್ಪಿಸಬೇಕಾದ ಸ್ಥಿತಿ ಬಂದಿತು. 1955ರಲ್ಲಿ, ಕಲ್ಕತ್ತೆಯ ಬೆಂಗಾಲ್ ಇಮ್ಯೂನಿಟಿ ಕಂಪನಿಗೂ ಬಿಹಾರ ಸರ್ಕಾರಕ್ಕೂ ನಡೆದ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು ನಾಲ್ಕು-ಮೂರರ ಬಹುಮತದಿಂದ ತನ್ನ ಹಿಂದಿನ ಅಭಿಪ್ರಾಯವನ್ನು ಬದಲಿಸಿತು. ಸಂಸತ್ತು ಕಾನೂನು ಮಾಡುವವರೆಗೆ ಅಂತರರಾಜ್ಯ ಮಾರಾಟದ ಮೇಲೆ ಯಾವ ರಾಜ್ಯವೂ ತೆರಿಗೆ ಹಾಕಕೂಡದು ಎಂದಿತು.

ಆಗ ಸಂವಿಧಾನದ ಆರನೆಯ ತಿದ್ದುಪಡಿಯಾಗಿ, 1956ರ ಡಿಸೆಂಬರಿನಲ್ಲಿ ಕೇಂದ್ರ ಮಾರಾಟ ತೆರಿಗೆ ಕಾಯಿದೆ ಹುಟ್ಟಿತು. ಗಮನಿಸಿ, ನಮ್ಮೂರಿನ ಪಕ್ಕದಲ್ಲಿ ಹೊಸ ಗಡಿ ಬಿದ್ದು ಎರಡು ತಿಂಗಳೂ ತುಂಬಿರಲಿಲ್ಲ! ಜಾನ್ ಮಥಾಯ್ ಅವರ ಅಧ್ಯಕ್ಷತೆಯ ತೆರಿಗೆ ವಿಚಾರಣಾ ಆಯೋಗದ ಸಲಹೆಯಂತೆ ನೋಂದಾಯಿತ ವ್ಯಾಪಾರಿಗಳ ನಡುವಣ ಮಾರಾಟಕ್ಕೆ ಕೇವಲ ಶೇಕಡಾ 1ರ ತೆರಿಗೆ ಗೊತ್ತಾಯಿತು. ಸರಕು ಹೊರಟ ರಾಜ್ಯವೇ ಅದನ್ನು ವಸೂಲು ಮಾಡಿ ಇಟ್ಟುಕೊಳ್ಳುತ್ತಿತ್ತು. ಈ ರಿಯಾಯಿತಿಗೆ ಕೊಳ್ಳುವ ವ್ಯಾಪಾರಿಯು 'ಸಿ' ಫಾರಂ ಎಂಬ ಪತ್ರವನ್ನು ಕೊಡಬೇಕಾಗಿತ್ತು. ಮರುಮಾರಾಟಕ್ಕಾಗಿಯೋ, ಮಾರುವ ಸರಕನ್ನು ತಯಾರಿಸಲೋ ಕೊಂಡಿದ್ದೇನೆ ಎಂಬುದು ಅದರ ತಾತ್ಪರ್ಯ. ವ್ಯಾಪಾರಿಗೆ ಇದು ನಿಜಕ್ಕೂ ಉಪಕಾರವಾಯಿತು. ಆದರೆ ತನ್ನ ಹೊಲಕ್ಕೆಂದು ಕೊಳ್ಳುವ ರೈತ ಯಾವ ದಫ್ತರದಲ್ಲಿಯೂ ವ್ಯಾಪಾರಿಯಲ್ಲ. ಅವನಿಗೆ ನೋಂದಣಿ ಸಂಖ್ಯೆಯೂ ಇಲ್ಲ, ಫಾರಮ್ಮೂ ಇಲ್ಲ. ಅಂಗಡಿಯ ಕಟ್ಟೆಯ ಮೇಲೆಯೇ ಕೊಂಡರೆ ಅವನು ಆ ರಾಜ್ಯದ ಪೂರ್ಣ ತೆರಿಗೆಯನ್ನು ತೆರಲೇಬೇಕು.

ಈ ಸಂದಿಯೊಳಗೆ ನಮ್ಮಪ್ಪ ಸಿಲುಕಿದರು.

1961ರ ಮಾತು. ನನಗಾಗ ಹನ್ನೊಂದು ವರ್ಷ. ನಾಲ್ಕೆಕರೆ ಜಮೀನು, ಒಂದು ಬಾವಿ, ಕಪಿಲೆ ಎಳೆದು ಬಸವಳಿದ ಎರಡು ಎತ್ತುಗಳು. ಅಪ್ಪ ಮೂರು ವರ್ಷ ಹಣ ಕೂಡಿಟ್ಟು ಐದು ಅಶ್ವಶಕ್ತಿಯ ಡೀಸೆಲ್ ಇಂಜಿನ್ನು ಕೊಳ್ಳಲು ಹೊರಟರು. ಕೊಲ್ಹಾಪುರದ ಅಂಗಡಿಯಲ್ಲಿ ಬೆಲೆಯೊಡನೆ ತೆರಿಗೆಯನ್ನೂ ಹೇಳಿದಾಗ ಅವರ ಮುಖ ಬಾಡಿತು. ಪರಿಚಯದ ವ್ಯಾಪಾರಿಯೊಬ್ಬರು ಉಪಾಯ ಸೂಚಿಸಿದರು: "ನನ್ನ ನಂಬರ್ ಮ್ಯಾಲ ತರಸೂಣು. ಒಂದs ಟಕ್ಕೆ ಬೀಳ್ತದ. ಇಂಜಿನ್ನು ನಿಮ್ಮ ಹೊಲಕ್ಕ, ಕಾಗದ ನನ್ನ ಅಂಗಡಿಗೆ." ಅಪ್ಪ ಒಪ್ಪಿದರು. ಉಳಿದ ಹಣದಲ್ಲಿ ಅವ್ವನಿಗೊಂದು ಇಳಕಲ್ ಸೀರೆ ಬಂದಿತು. ಬಾವಿಯ ನೀರು ಮೊದಲ ಸಲ ಕಾಲುವೆಗೆ ಹಾರಿದಾಗ ಊರಿನ ಅರ್ಧ ಜನ ನೋಡಲು ನೆರೆದಿದ್ದರು.

ನಾಲ್ಕನೆಯ ತಿಂಗಳಿಗೆ ಇಂಜಿನ್ನಿನ ಸಿಲಿಂಡರ್ ಸೀಳಿತು. ಒಂದು ವರ್ಷದ ಗ್ಯಾರಂಟಿ ಇತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಕೊಲ್ಹಾಪುರಕ್ಕೆ ಹೋದರು. ಅಂಗಡಿಯವರು ಒಳ್ಳೆಯ ಮಾತಿನಲ್ಲಿಯೇ ಕೇಳಿದರು, "ಪಾವತಿ ಎಲ್ಲಿದೆ?" ಪಾವತಿ ವ್ಯಾಪಾರಿಯ ಹೆಸರಿನಲ್ಲಿತ್ತು. ವ್ಯಾಪಾರಿಯನ್ನು ಕೇಳಿದರೆ, ತಾನು ಬಂದು ದೂರು ಹೇಳಿದರೆ ಮರುಮಾರಾಟದ ಲೆಕ್ಕ ತೋರಿಸಬೇಕಾಗುತ್ತದೆ, ತನ್ನ ನೋಂದಣಿಗೇ ಸಂಚಕಾರ ಬರುತ್ತದೆ ಎಂದು ಕೈಚೆಲ್ಲಿದರು. ಮಾರಿದವರ ಕಣ್ಣಿಗೆ ಅಪ್ಪ ಕೊಂಡವರೇ ಅಲ್ಲ. ಸರ್ಕಾರದ ಕಣ್ಣಿಗೆ ಆ ಇಂಜಿನ್ನು ನಮ್ಮ ಹೊಲಕ್ಕೆ ಬಂದೇ ಇಲ್ಲ. ಅಪ್ಪ ಒಂದು ಎತ್ತನ್ನು ಮಾರಿ ರಿಪೇರಿ ಮಾಡಿಸಿದರು. ಅಷ್ಟರಲ್ಲಿ ಕಬ್ಬು ಒಣಗಿತ್ತು. ನಿಪ್ಪಾಣಿಯ ಶಾಲೆಗೆ ಸೇರಬೇಕಾಗಿದ್ದ ನಾನು ಆ ವರ್ಷ ಮನೆಯಲ್ಲಿಯೇ ಉಳಿದು, ಒಂಟಿಯಾದ ಎತ್ತಿನ ಮುಂದೆ ನಡೆದೆ. ನನ್ನ ಓರಗೆಯವರಿಗಿಂತ ಒಂದು ವರ್ಷ ತಡವಾಗಿ ಮೆಟ್ರಿಕ್ ಮುಗಿಸಿದ್ದೇಕೆಂದು ಕೇಳಿದವರಿಗೆಲ್ಲ ಇಂದಿನವರೆಗೂ ಕಾಯಿಲೆಯ ನೆಪ ಹೇಳುತ್ತ ಬಂದಿದ್ದೇನೆ.

ಅಪ್ಪ ಮಾಡಿದ್ದು ಸರಿಯೆಂದು ನಾನು ವಾದಿಸುವುದಿಲ್ಲ. ಆ ತೆರಿಗೆ ಸರ್ಕಾರಕ್ಕೆ ಸಲ್ಲಬೇಕಾದ ಹಣವೇ ಆಗಿತ್ತು. ಆದರೆ ಕಾರಖಾನೆಯವನು ನ್ಯಾಯವಾಗಿಯೇ ಪಡೆಯಬಹುದಾದ ಅಗ್ಗದ ದರವನ್ನು ಒಕ್ಕಲಿಗನು ಕಳ್ಳದಾರಿಯಿಂದಲ್ಲದೆ ಪಡೆಯಲಾಗದಂತೆ ಕಾನೂನು ಇದ್ದಿತೆಂಬುದೂ ಸತ್ಯ. ಆ ದಾರಿಯಲ್ಲಿ ಲಾಭ ಹಂಚಿಕೆಯಾಗುತ್ತಿತ್ತು, ನಷ್ಟ ಮಾತ್ರ ರೈತನೊಬ್ಬನದೇ.

ಮುಂದೆ ಆ ಶೇಕಡಾ 1 ಎಂಬುದು 1963ರಲ್ಲಿ 2, 1966ರಲ್ಲಿ 3, 1975ರಲ್ಲಿ 4 ಆಯಿತು; 2007ರಲ್ಲಿ 3ಕ್ಕೆ, 2008ರಲ್ಲಿ 2ಕ್ಕೆ ಇಳಿಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಮಾರಾಟ ತೆರಿಗೆಯ ಗಡಿನಾಕೆಗಳು ಎದ್ದುಹೋದವು. ಟ್ರ್ಯಾಕ್ಟರಿಗೆ ಅಂದು ಶೇಕಡಾ 12 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಹದಿನೈದು ಅಶ್ವಶಕ್ತಿಯವರೆಗಿನ, ಒಂದೇ ವೇಗದಲ್ಲಿ ಓಡುವ ಡೀಸೆಲ್ ಇಂಜಿನ್ನಿಗೂ ಅಷ್ಟೇ. ಗುದ್ದಲಿ, ಸಲಿಕೆಯಂಥ ಕೈಯ ಉಪಕರಣಗಳಿಗೆ ತೆರಿಗೆಯೇ ಇಲ್ಲ. ದರವು ನಿಪ್ಪಾಣಿಯಲ್ಲಿಯೂ ಕೊಲ್ಹಾಪುರದಲ್ಲಿಯೂ ಒಂದೇ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ಹೇಳಿದೆ: "ಜಿ.ಎಸ್.ಟಿ. ಸಲುವಾಗಿ ನದಿ ದಾಟಬ್ಯಾಡಪ್ಪಾ. ಅಂಗಡಿಯವ ತನ್ನ ಬೆಲೆ ಕಡಿಮಿ ಮಾಡಿದರ ಅದು ಬ್ಯಾರೆ ಮಾತು. ಎಲ್ಲೇ ತಗೋ, ಪಾವತಿ ಮಾತ್ರ ನಿನ್ನ ಹೆಸರಿಲೇನs ಬರಸು." ಆತ ನಕ್ಕು, "ಆಗಲಿ ಸರ್, ಇಷ್ಟs ಹೇಳಾಕ ಅರ್ಧಾ ತಾಸು ತಗೊಂಡ್ರಿ" ಎಂದ. ತರಗತಿಯಲ್ಲಿಯೂ ನನ್ನದು ಇದೇ ರೂಢಿಯಾಗಿತ್ತಲ್ಲವೇ?