‘ಹೊರಗಿನವರು’ ಬದಲಾದ ಬಗೆ

ಹೊಟೇಲುಗಳಲ್ಲಿ ಮಾಣಿಗಳಾಗಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರ ಕಥೆಯನ್ನು ಸಂಘದ ವೇದಿಕೆಯಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅದೇ ಹಿರಿಯರು ಇದೇ ಮುಂಬಯಿಯಲ್ಲಿ ಬಾಗಿಲೆಳೆದು ಒಳಗೆ ಕುಳಿತ ದಿನಗಳ ಕಥೆಯನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವು ಉದಯವಾಯಿತು, ಮುಂಬಯಿ ಅದರ ರಾಜಧಾನಿಯಾಯಿತು. ಆದರೆ 1961ರ ಜನಗಣತಿಯಂತೆ ಊರಿನಲ್ಲಿ ಮರಾಠಿ ಮಾತೃಭಾಷೆಯವರು ಶೇಕಡಾ 43ರಷ್ಟೇ ಇದ್ದರು. ರಾಜ್ಯ ಬಂದರೂ ನೌಕರಿ ಬರಲಿಲ್ಲವೆಂಬ ಅಸಮಾಧಾನ ಮರಾಠಿ ತರುಣರಲ್ಲಿ ಬೆಳೆಯಿತು. ಅದು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಬಾಳ ಠಾಕರೆಯವರ ‘ಮಾರ್ಮಿಕ’ ವಾರಪತ್ರಿಕೆಯು ಕಂಪೆನಿ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರಿನ ಪಟ್ಟಿಗಳನ್ನು ಅಚ್ಚು ಹಾಕತೊಡಗಿತು. ಓದಿ ಸುಮ್ಮನೆ ಕುಳಿತುಕೊಳ್ಳಿ ಎಂಬ ಅರ್ಥದ ಕುಹಕದ ಶೀರ್ಷಿಕೆ ಅದಕ್ಕೆ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ‘ಲುಂಗಿ ಹಟಾವೋ’ ಎಂಬ ಕೂಗು ಎದ್ದಿತು. ಕಚೇರಿಯ ಮೇಜಿನ ಮೇಲಿನ ಸಿಟ್ಟು ತಟ್ಟಿದ್ದು ಮಾತ್ರ ಉಡುಪಿ ಹೊಟೇಲಿನ ಗಾಜಿಗೆ! ಕೆಂಬಾವುಟದ ಕಾರ್ಮಿಕ ಸಂಘಗಳನ್ನು ಹಣಿಯಲು ಆಳುವವರೇ ಸೇನೆಗೆ ಬೆಂಬಲವಿತ್ತರೆಂಬ ಆಪಾದನೆ ಆಗಿನಿಂದಲೂ ಇದೆ. ಮುಖ್ಯಮಂತ್ರಿ ವಸಂತರಾವ್ ನಾಯಕರ ಹೆಸರು ಸೇರಿಸಿ ಅದನ್ನು ‘ವಸಂತಸೇನೆ’ ಎಂದು ಗೇಲಿ ಮಾಡಿದವರೂ ಉಂಟು.

ಆದರೂ ಒಂದು ವಿಚಿತ್ರವನ್ನು ನೋಡಿ. 1967ರ ಲೋಕಸಭಾ ಚುನಾವಣೆಯಲ್ಲಿ ಸೇನೆಯು ಕೇರಳದ ಕೃಷ್ಣ ಮೆನನ್ನರ ವಿರುದ್ಧ ಪ್ರಚಾರ ಮಾಡಿತು, ಅವರು ಸೋತರು. ಅದೇ ಚುನಾವಣೆಯಲ್ಲಿ, ಅದೇ ಊರಿನಲ್ಲಿ, ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರು ಕಾಂಗ್ರೆಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಮಣಿಸಿದರು. ಕಾರ್ಮಿಕನೆಂಬ ಗುರುತಿಗೆ ಇನ್ನೂ ಬೆಲೆಯಿದ್ದ ಕಾಲವದು.

ಎರಡೇ ವರ್ಷದಲ್ಲಿ ಗಡಿ ತಂಟೆ ಹೊತ್ತಿಕೊಂಡಿತು. ಬೆಳಗಾವಿಯು ಮೈಸೂರು ರಾಜ್ಯದಲ್ಲೇ ಇರಲೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತ್ತು. 1969ರ ಫೆಬ್ರವರಿಯಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನು ಮಾಹಿಮಿನಲ್ಲಿ ತಡೆಯಲು ಹೋದಲ್ಲಿಂದ ಗಲಭೆ ಹಬ್ಬಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮವರ ಹೊಟೇಲುಗಳು ಕಲ್ಲು ಬೆಂಕಿಗಳಿಗೆ ಈಡಾದವು.

ಇಷ್ಟು ದ್ವೇಷ ಎಲ್ಲಿಗೆ ಹೋಯಿತು? ಯಾರೂ ಕ್ಷಮೆ ಕೇಳಿದ್ದು ನಮಗೆ ನೆನಪಿಲ್ಲ. ಲೆಕ್ಕ ಹಾಕುವ ರೀತಿಯಷ್ಟೇ ಬದಲಾಯಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅವರು ಸೋತರು, ಗಿರಣಗಾಂವಿನ ಚಾಳುಗಳಲ್ಲಿ ಹಳೆಯ ಕಾರ್ಮಿಕ ರಾಜಕಾರಣದ ಬಲ ಉಡುಗಿತು. 1987ರ ವಿಲೇಪಾರ್ಲೆ ಉಪಚುನಾವಣೆಯಲ್ಲಿ ಸೇನೆಯು ಬಹಿರಂಗವಾಗಿ ಧರ್ಮದ ಹೆಸರಿನಲ್ಲಿ ಮತ ಕೇಳಿತು. ಆ ಕಾರಣಕ್ಕೆ ಆಯ್ಕೆ ರದ್ದಾದದ್ದನ್ನು ಸುಪ್ರೀಂ ಕೋರ್ಟು 1995ರಲ್ಲಿ ಎತ್ತಿಹಿಡಿಯಿತಾದರೂ ಆಗಲೇ ಗಾಳಿ ತಿರುಗಿತ್ತು. ಲುಂಗಿಯವರಾಗಿದ್ದ ನಾವು ಈಗ ಬೇಕಾದ ಮತದಾರರು! 1992–93ರ ಗಲಭೆಗಳಲ್ಲಿ ಸುಮಾರು 900 ಜನ ಸತ್ತಾಗ ನಮ್ಮಲ್ಲಿ ಹಲವರು, ಈ ಸಲ ನಮ್ಮ ಪಾಳಿಯಲ್ಲವೆಂದು ಒಳಗೊಳಗೇ ನಿಟ್ಟುಸಿರು ಬಿಟ್ಟೆವು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

2008ರಲ್ಲಿ ಉತ್ತರ ಪ್ರದೇಶ, ಬಿಹಾರಗಳ ಟ್ಯಾಕ್ಸಿಯವರಿಗೆ ಪೆಟ್ಟು ಬಿದ್ದಾಗಲೂ ನಾವು ಮಾತಾಡಲಿಲ್ಲ. ಅವರಿಗೆ ಮರಾಠಿ ಕಲಿಯಲು ಏನು ಧಾಡಿ ಎಂದು ಕೇಳಿದವರು ನಮ್ಮಲ್ಲೂ ಇದ್ದರು. ಇತ್ತ 2019ರಲ್ಲಿ ಅದೇ ಸೇನೆಯ ಮೂರನೆಯ ತಲೆಮಾರು ವರಳಿಯಲ್ಲಿ ಗುಜರಾತಿಯಲ್ಲಿ ಭಿತ್ತಿಪತ್ರ ಹಚ್ಚಿ ಮತ ಕೇಳಿತು.

ತವರೇನು ಬೇರೆಯೇ? 1991ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ಹಲ್ಲೆಗಳಾದವು. ಮೊನ್ನೆ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಸಂಘದ ಕಟ್ಟೆಯಲ್ಲಿ ಕುಳಿತು, ಅಲ್ಲಿ ಯಾವ ಕಂಪೆನಿಯಲ್ಲಿ ನೋಡಿದರೂ ಹೊರಗಿನವರೇ ತುಂಬಿಕೊಂಡಿದ್ದಾರೆಂದು ಅರ್ಧ ಗಂಟೆ ಗೊಣಗಿದರು. 1969ರಲ್ಲಿ ಮಾಣಿಯಾಗಿದ್ದು, ಎರಡು ರಾತ್ರಿ ಹೊಟೇಲಿನ ಉಗ್ರಾಣದಲ್ಲಿ ಕಳೆದ ನಮ್ಮ ಹಿರಿಯರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ಚಹಾ ಕೆಳಗಿಟ್ಟು ಇಷ್ಟೇ ಕೇಳಿದರು: “ಹೆಸರಿನ ಪಟ್ಟಿ ಅಚ್ಚು ಹಾಕಿಯಾಯಿತಾ ಮಾರಾಯ್ರೆ?”